ಕ್ಯಾಮೆರಾ ಮೆಮೊರಿ ಕಾರ್ಡ್ ಕೈ ಕೊಟ್ಟಾಗ ಫೋಟೋ ವಾಪಸ್ ತೆಗೆಯೋದು ಹೇಗೆ: ಶುರುವಿಂದ ಕೊನೆವರೆಗೂ

ಕಾರ್ಡ್ ರೀಡರ್‌ಗೆ ಹಾಕಿದ ತಕ್ಷಣ ವಿಂಡೋಸ್ "ಈ ಡಿಸ್ಕ್ ಬಳಸೋಕೆ ಮುಂಚೆ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳುತ್ತಲ್ಲ, ಅಲ್ಲಿ ಕ್ಯಾನ್ಸಲ್ ಒತ್ತಿ, ಇದನ್ನ ಪೂರ್ತಿ ಓದಿ, ಆಮೇಲೆ ಮುಂದಿನ ಕೆಲಸ. "ಸ್ಕ್ಯಾನ್ ಅಂಡ್ ಫಿಕ್ಸ್" ಅಂತ ಕೇಳಿದ್ರೂ ಬೇಡ ಅನ್ನಿ. ಮ್ಯಾಕ್ ಇದ್ರೆ ಇಗ್ನೋರ್ ಒತ್ತಿ, ಇನಿಶಿಯಲೈಸ್ ಅನ್ನೋ ಬಟನ್ ಹತ್ರ ಮೌಸ್ ಕೂಡ ತಗೊಂಡು ಹೋಗ್ಬೇಡಿ. ಕ್ಯಾಮೆರಾದಲ್ಲೇ ಎರರ್ ಬಂದಿದ್ರೆ (ಕ್ಯಾನನ್‌ನಲ್ಲಿ "ಕಾರ್ಡ್ ಆಕ್ಸೆಸ್ ಆಗ್ತಿಲ್ಲ" ಅಂತ ಬರುತ್ತೆ, ನಿಕಾನ್‌ನಲ್ಲಿ ಸಿಎಚ್‌ಎ ಅಂತ ಮಿಣಮಿಣ ಅನ್ನುತ್ತೆ) ಆಫ್ ಮಾಡಿ, ಲೈಟ್ ಪೂರ್ತಿ ಆರಿದ್ಮೇಲೆ ಕಾರ್ಡ್ ತೆಗೆದು ಪಕ್ಕಕ್ಕಿಡಿ, ಉಳಿದ ಶೂಟ್ ಬೇರೆ ಕಾರ್ಡ್‌ನಲ್ಲಿ ಮುಗಿಸಿ.

ಸೋನಿ ಕ್ಯಾಮೆರಾದವರಿಗೆ ಒಂದು ಮಾತು. ಅದರಲ್ಲಿ "ಇಮೇಜ್ ಡೇಟಾಬೇಸ್ ಫೈಲ್ ಎರರ್, ರಿಕವರ್ ಮಾಡ್ಲಾ" ಅಂತ ಬರುತ್ತೆ. ರಿಕವರ್ ಅನ್ನೋ ಪದ ನೋಡಿ ಖುಷಿಯಾಗಿ ಓಕೆ ಒತ್ತಬೇಡಿ, ಅದು ಕ್ಯಾಮೆರಾ ತನ್ನ ಪಟ್ಟಿನ ರಿಪೇರಿ ಮಾಡ್ಕೊಳೋದು, ನಿಮ್ಮ ಡಿಲೀಟ್ ಆದ ಫೋಟೋ ವಾಪಸ್ ಕೊಡೋದಲ್ಲ, ಮತ್ತೆ ಅದು ಕಾರ್ಡ್ ಮೇಲೆ ಬರೆಯುತ್ತೆ. ಮೊದಲು ಕಾರ್ಡ್‌ನ ಲಾಕ್ ಮಾಡಿ (ಹೇಗೆ ಅಂತ ನಕಲು ತೆಗೆಯೋ ಭಾಗದಲ್ಲಿದೆ) ಕಂಪ್ಯೂಟರ್‌ಗೆ ಹಾಕಿ, ಕ್ಯಾಮೆರಾ ಫೋಟೋ ಇಡೋ ಡಿಸಿಐಎಂ (DCIM) ಫೋಲ್ಡರ್ ನೋಡಿ, ಎಷ್ಟೋ ಸಲ ಫೋಟೋ ಎಲ್ಲಾ ಅಲ್ಲೇ ಆರಾಮಾಗಿ ಕೂತಿರುತ್ತೆ.

ಮದುವೆ ಶೂಟ್ ಅಂತ ಇಟ್ಕೊಳ್ಳಿ, ರಿಸೆಪ್ಷನ್ ಫೋಟೋ ಹಾಳಾದ್ರೆ ಇನ್ನೊಂದು ದಿನ ಸ್ಟೇಜ್ ಹತ್ತಿಸಿ ನಾಲ್ಕು ಫೋಟೋ ತೆಗೀಬಹುದೇನೋ, ಧಾರೆ ಎರೆದಿದ್ದನ್ನ ಮತ್ತೆ ಎರೆಸೋಕಾಗಲ್ಲ. ಹಾಗಾಗಿ ಇಲ್ಲಿ ಹೇಳೋದೆಲ್ಲ ಒಂದೇ ಸೂತ್ರದ ಮೇಲೆ ನಿಂತಿದೆ: ಕಾರ್ಡ್ ಮೇಲೆ ಒಂದು ಅಕ್ಷರನೂ ಬರೀಬಾರ್ದು, ಅದರ ಪೂರ್ತಿ ನಕಲು ತೆಗೆದು, ಪ್ರಯೋಗ ಏನಿದ್ರೂ ಆ ನಕಲಿನ ಮೇಲೆ. ಸಾಫ್ಟ್‌ವೇರ್ ಯಾವುದು ಅನ್ನೋದು ಆಮೇಲಿನ ಮಾತು, ಆದ್ರೆ ಜನ ಮೊದಲು ಕೇಳೋದೇ ಅದನ್ನ.

ಡಿಲೀಟ್ ಆದ್ಮೇಲೂ ಫೋಟೋ ಹೇಗೆ ಉಳಿಯುತ್ತೆ

32 ಜಿಬಿವರೆಗಿನ ಕಾರ್ಡ್‌ಗಳು, ಅಂದ್ರೆ ಎಸ್‌ಡಿಎಚ್‌ಸಿ, ಸಾಮಾನ್ಯವಾಗಿ ಫ್ಯಾಟ್32 ಅನ್ನೋ ಫೈಲ್ ಸಿಸ್ಟಮ್‌ನಲ್ಲಿ (ಕಾರ್ಡ್ ಮೇಲೆ ಫೈಲ್ ಜೋಡಿಸಿಡೋ ಪದ್ಧತಿ) ಇರುತ್ತೆ, ಅದಕ್ಕಿಂತ ದೊಡ್ಡವು, ಎಸ್‌ಡಿಎಕ್ಸ್‌ಸಿ, ಎಕ್ಸ್‌ಫ್ಯಾಟ್‌ನಲ್ಲಿ. ಎರಡರಲ್ಲೂ ಫೋಟೋ ಒಂದು ಕಡೆ, ಅದು ಎಲ್ಲಿದೆ ಅನ್ನೋ ದಾಖಲೆ ಇನ್ನೊಂದು ಕಡೆ. ನೀವು ಡಿಲೀಟ್ ಒತ್ತಿದಾಗ ದಾಖಲೆಯಲ್ಲಿ ಮಾತ್ರ ಕಾಟು ಬೀಳುತ್ತೆ, ಫ್ಯಾಟ್32ನಲ್ಲಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಹಾಕಿ ಜಾಗ ಖಾಲಿ ಅಂತ ಬರೆದುಬಿಡುತ್ತೆ, ಎಕ್ಸ್‌ಫ್ಯಾಟ್‌ನಲ್ಲಿ ಆ ಫೈಲ್‌ನ ದಾಖಲೆ ಸಾಲುಗಳಲ್ಲಿ ಬಳಕೆಯಲ್ಲಿದೆ ಅನ್ನೋ ಬಿಟ್ ಬದಲಾಗಿ ಜಾಗ ಖಾಲಿ ಅಂತಾಗುತ್ತೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗಲ್ಲವಲ್ಲ, ಇನ್ನೊಬ್ಬ ಬಂದು ಉತ್ತು ಬಿತ್ತೋವರೆಗೂ ನಿಮ್ಮ ಬೆಳೆ ಅಲ್ಲೇ ಇರುತ್ತೆ. ಆ ಇನ್ನೊಬ್ಬ ಯಾರು ಅಂದ್ರೆ ನೀವು ಆಮೇಲೆ ಹೊಡೆಯೋ ಹೊಸ ಫೋಟೋ.

ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದ್ರೂ ಬಹುಪಾಲು ಇದೇ ಕಥೆ, ದಾಖಲೆ ಅಳಿಸಿ ಹೊಸ ಖಾಲಿ ದಾಖಲೆ ಬರೆಯೋದು ಅಷ್ಟೇ. ಆದ್ರೆ ಕ್ಯಾನನ್‌ನಲ್ಲಿ "ಲೋ ಲೆವೆಲ್ ಫಾರ್ಮ್ಯಾಟ್" ಅನ್ನೋ ಟಿಕ್ ಇರುತ್ತಲ್ಲ, ಅದನ್ನ ಹಾಕಿ ಮಾಡಿದ್ರೆ ಕಷ್ಟ. ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಿದ್ರೂ ಅಷ್ಟೆ, ಅದು ಎಲ್ಲಾ ಕಡೆ ಸೊನ್ನೆ ಬರೆದುಬಿಡುತ್ತೆ. ಈ ಎರಡರಲ್ಲಿ ಯಾವುದಾದ್ರೂ ಮಾಡಿದ್ದು ಖಾತ್ರಿಯಾಗಿದ್ರೆ ಸುಮ್ನೆ ಸಾಫ್ಟ್‌ವೇರ್‌ಗೆ ದುಡ್ಡು ಸುರೀಬೇಡಿ.

ಮೊದಲು ರೋಗ ಯಾವುದು ನೋಡ್ಕೊಳ್ಳಿ

ಕಾರ್ಡ್ ಹಾಳಾಗಿದೆ ಅಂತ ತೀರ್ಮಾನ ಮಾಡೋಕೆ ಮುಂಚೆ ರೀಡರ್ ಬದಲಾಯಿಸಿ ನೋಡಿ. ಹಳೇ ಎಸ್‌ಡಿಎಚ್‌ಸಿ ರೀಡರ್‌ಗೆ 64 ಜಿಬಿ ಕಾರ್ಡ್ ಹಾಕಿದ್ರೆ ಅದು ಓದದೇ ಇರಬಹುದು ಅಥವಾ ಫಾರ್ಮ್ಯಾಟ್ ಕೇಳಬಹುದು, ಕಾರ್ಡ್ ಮಾತ್ರ ಚೆನ್ನಾಗೇ ಇರುತ್ತೆ. ಮೈಕ್ರೋ ಎಸ್‌ಡಿ ಆದ್ರೆ ಆ ಪ್ಲಾಸ್ಟಿಕ್ ಅಡಾಪ್ಟರ್ ಬದಲಾಯಿಸಿ, ಅದು ಲೂಸಾಗಿರೋದೇ ಜಾಸ್ತಿ. ಯುಎಸ್‌ಬಿ ಹಬ್ ಬೇಡ, ನೇರವಾಗಿ ಕಂಪ್ಯೂಟರ್ ಪೋರ್ಟ್‌ಗೇ ಹಾಕಿ. ಬೆಂಗಳೂರಲ್ಲಿ ಇರೋರು ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿದ್ರೆ ಯುಎಸ್‌ಬಿ 3.0 ರೀಡರ್ ಯಾವ ಅಂಗಡಿಲಾದ್ರೂ ಸಿಗುತ್ತೆ, ತೀರಾ ಅಗ್ಗದ್ದು ಬೇಡ, ಈ ಕೆಲಸದಲ್ಲಿ ರೀಡರ್ ಮಧ್ಯದಲ್ಲಿ ಕೈ ಬಿಟ್ರೆ ತಲೆ ಕೆಟ್ಟೋಗುತ್ತೆ.

ಕ್ಯಾಮೆರಾನೇ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ. ಹಾಗೆ ಹಾಕಿದಾಗ ಈಗಿನ ಹೆಚ್ಚಿನ ಕ್ಯಾಮೆರಾಗಳು ಫೋಟೋ ಪಟ್ಟಿ ಮಾತ್ರ ತೋರಿಸುತ್ತೆ, ಕಾರ್ಡ್‌ನ ಕಚ್ಚಾ ಸೆಕ್ಟರ್‌ಗಳನ್ನ (ಡೇಟಾ ಕೂರೋ ಸಣ್ಣ ಸಣ್ಣ ಜಾಗಗಳು) ಕೊಡಲ್ಲ, ರಿಕವರಿ ಸಾಫ್ಟ್‌ವೇರ್‌ಗೆ ಅದು ಡ್ರೈವ್ ಆಗಿ ಕಾಣಲ್ಲ.

ಕಾರ್ಡ್‌ನ ಹಿಂದಿರೋ ಚಿನ್ನದ ಬಣ್ಣದ ಪಿನ್‌ಗಳಲ್ಲಿ ಬೆವರು, ಎಣ್ಣೆ, ಅರಿಶಿನ ಕುಂಕುಮ ಎಲ್ಲಾ ಇರುತ್ತೆ ಮದುವೆ ಮನೆಯಿಂದ ಬಂದಿದ್ರೆ. ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹತ್ತಿಗೆ ಹಾಕಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲಿ. ಸ್ಯಾಂಡ್‌ಪೇಪರ್, ಚಾಕು, ಬಿಸಿ ಗಾಳಿ, ಫ್ರಿಜ್, ಇದ್ಯಾವ್ದೂ ಬೇಡ.

ಇಷ್ಟಾದ್ಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಕಾರ್ಡ್ ಎಷ್ಟು ಜಿಬಿ ತೋರಿಸ್ತಿದೆ ನೋಡಿ, ಎಲ್ಲಾ ಇದರ ಮೇಲೇ ನಿಂತಿದೆ. 64ರ ಕಾರ್ಡ್ 59 ಚಿಲ್ಲರೆ ಅಂತ ತೋರಿಸಿ ಪಕ್ಕದಲ್ಲಿ "ರಾ" (RAW, ಅಂದ್ರೆ ಫೈಲ್ ಸಿಸ್ಟಮ್ ಗುರುತು ಸಿಗ್ತಿಲ್ಲ) ಅಂತ ಬರೆದಿದ್ರೆ ಉಸಿರು ಬಿಡಿ, ಕಾರ್ಡ್ ಬದುಕಿದೆ, ದಾಖಲೆ ಮಾತ್ರ ಕೆಟ್ಟಿದೆ, ಮನೇಲೇ ಆಗೋ ಕೆಲಸ. ಸೈಜ್ ಸರಿಯಿದ್ದು ಓದುವಾಗ ಸಿಕ್ಕಾಪಟ್ಟೆ ನಿಧಾನ ಆದ್ರೆ, ಕಾಪಿ ಅರ್ಧಕ್ಕೆ ನಿಂತ್ರೆ, ಅಲ್ಲಲ್ಲಿ ಬ್ಯಾಡ್ ಸೆಕ್ಟರ್ ಇದೆ ಅಂತ, ಇದೂ ಆಗುತ್ತೆ ಆದ್ರೆ ಹುಷಾರಾಗಿ. "ನೋ ಮೀಡಿಯಾ" ಅಥವಾ ಸೊನ್ನೆ ಬೈಟ್ ಅಥವಾ 64ರ ಕಾರ್ಡ್ ಇದ್ದಕ್ಕಿದ್ದಂಗೆ ಕೆಲವೇ ಎಂಬಿ ತೋರಿಸಿದ್ರೆ ಒಳಗಿನ ಕಂಟ್ರೋಲರ್ (ಮೆಮೊರಿ ಚಿಪ್‌ನ ನಡೆಸೋ ಭಾಗ) ಹೋಗಿರೋ ಸಾಧ್ಯತೆನೇ ಜಾಸ್ತಿ, ಯಾವ ಸಾಫ್ಟ್‌ವೇರೂ ಕೆಲಸಕ್ಕೆ ಬರಲ್ಲ, ನೇರ ಲ್ಯಾಬ್ ಭಾಗಕ್ಕೆ ಹೋಗಿ.

ಇನ್ನೊಂದು ಜಾತಿ ಇದೆ, ನಕಲಿ ಕಾರ್ಡ್. ಮೇಲೆ 128 ಅಂತ ಬರೆದು ಒಳಗೆ 8 ಜಿಬಿ ಚಿಪ್ ಇಟ್ಟಿರ್ತಾರೆ, ಕಂಪ್ಯೂಟರ್‌ಗೂ 128 ಅಂತಲೇ ಸುಳ್ಳು ಹೇಳುತ್ತೆ. ಮೊದಲ ಫೋಟೋಗಳು ಚೆನ್ನಾಗಿ ಬಂದು ಒಂದು ಹಂತದಿಂದ ಆಚೆಗೆ ಎಲ್ಲಾ ಫೈಲ್ ಇದೆ ಆದ್ರೆ ಒಂದೂ ತೆರೆಯಲ್ಲ ಅಂದ್ರೆ ಇದೇ ಅಂತ ಅನುಮಾನ ಪಡಿ. ಆಚೆಗಿನವು ಎಲ್ಲೂ ಬರೆದೇ ಇರಲ್ಲ, ಅದನ್ನ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ.

ಫೋನಿನ ಮೈಕ್ರೋ ಎಸ್‌ಡಿ ಆದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ, ಅದನ್ನ "ಇಂಟರ್ನಲ್ ಸ್ಟೋರೇಜ್" ಅಂತ ಸೆಟ್ ಮಾಡಿದ್ರಾ? ಆಂಡ್ರಾಯ್ಡ್ 6ರಿಂದ ಈ ಸೌಲಭ್ಯ ಬಂತು, ಹಾಗೆ ಮಾಡಿದ್ರೆ ಕಾರ್ಡ್ ಎನ್‌ಕ್ರಿಪ್ಟ್ ಆಗಿರುತ್ತೆ, ಕೀ ಆ ಫೋನ್ ಒಳಗೇ ಇರುತ್ತೆ, ಕಂಪ್ಯೂಟರ್‌ಗೆ ಹಾಕಿದ್ರೆ ಬರೀ ಕಸ ಕಾಣುತ್ತೆ.

ನಕಲು ತೆಗೆಯೋದು (ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ)

ಎಸ್‌ಡಿ ಕಾರ್ಡ್‌ನ ಎಡಗಡೆ ಇರೋ ಲಾಕ್‌ನ ಕೆಳಗೆ ಎಳೀರಿ. ಯಾಕೆ ಅಂದ್ರೆ ಕಾರ್ಡ್ ಸುಮ್ನೆ ಹಾಕಿದ್ರೂ ವಿಂಡೋಸ್ "ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್" ಅಂತ ಒಂದು ಫೋಲ್ಡರ್ ಬರೆಯಬಹುದು, ಮ್ಯಾಕ್ ತನ್ನ ಗುಪ್ತ ಫೈಲ್‌ಗಳನ್ನ ಉದುರಿಸುತ್ತೆ, ಅದು ಸರಿಯಾಗಿ ನಿಮ್ಮ ಮಾಂಗಲ್ಯಧಾರಣೆ ಫೋಟೋ ಇರೋ ಜಾಗಕ್ಕೇ ಹೋಗಿ ಕೂತ್ರೆ ಯಾರನ್ನ ಕೇಳ್ತೀರ. ಆ ಲಾಕ್ ಬರೀ ಪ್ಲಾಸ್ಟಿಕ್ ತುಂಡು, ಮರ್ಯಾದೆ ಕೊಡೋದು ರೀಡರ್‌ಗೆ ಬಿಟ್ಟಿದ್ದು, ಕೆಲವು ರೀಡರ್‌ಗಳು ಕ್ಯಾರೇ ಅನ್ನಲ್ಲ, ಆದ್ರೂ ಎಳೆಯೋದು ಒಳ್ಳೇದು. ಸ್ಲೈಡರ್ ಮುರಿದು ಬಿದ್ದೋಗಿದ್ರೆ ಸಾಮಾನ್ಯವಾಗಿ ರೀಡರ್ ಅದನ್ನ ಲಾಕ್ ಅಂತಾನೇ ತಿಳ್ಕೊಳುತ್ತೆ, ಈಗ ನಮಗೆ ಬೇಕಾಗಿರೋದೂ ಅದೇ. ಮೈಕ್ರೋ ಎಸ್‌ಡಿಗೆ ಲಾಕ್ ಇಲ್ಲ, ಅಡಾಪ್ಟರ್‌ನ ಲಾಕ್ ಬಳಸಿ.

ನಕಲು ಅಂದ್ರೆ ಫೋಲ್ಡರ್ ಕಾಪಿ ಪೇಸ್ಟ್ ಅಲ್ಲ. ಮೊದಲ ಸೆಕ್ಟರ್‌ನಿಂದ ಕೊನೆ ಸೆಕ್ಟರ್‌ವರೆಗೆ, ಖಾಲಿ ಅಂತ ಬರೆದಿರೋ ಜಾಗನೂ ಸೇರಿ, ಇದ್ದದ್ದು ಇದ್ದಂಗೆ ಒಂದೇ ದೊಡ್ಡ ಫೈಲ್ ಆಗಿ ಇಳಿಸ್ಕೊಳೋದು, ಇದಕ್ಕೆ ಇಮೇಜ್ ಅಂತಾರೆ. 64 ಜಿಬಿ ಕಾರ್ಡ್‌ನಲ್ಲಿ ಹತ್ತೇ ಫೋಟೋ ಇದ್ರೂ ಇಮೇಜ್ ಪೂರ್ತಿ 64ರಷ್ಟೇ ಆಗುತ್ತೆ, ಆಮೇಲೆ ತೆಗೆದ ಫೋಟೋಗೂ ಜಾಗ ಬೇಕು, ಅದಕ್ಕೆ ಕಾರ್ಡ್‌ನ ಎರಡರಷ್ಟು ಖಾಲಿ ಇರೋ ಹಾರ್ಡ್ ಡಿಸ್ಕ್ ಇಟ್ಕೊಳ್ಳಿ. ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಬೇಕು, ಫ್ಯಾಟ್32 ಆಗಿದ್ರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರಲ್ಲ.

ವಿಂಡೋಸ್‌ನಲ್ಲಿ ಡಿಎಂಡಿಇ ಅನ್ನೋ ಸಾಫ್ಟ್‌ವೇರ್ ಇದೆ, ಫ್ರೀ ಎಡಿಷನ್ ಸಾಕು, ನೋಡೋಕೆ ಮುದಿ ಸಾಫ್ಟ್‌ವೇರ್ ಥರ ಇದೆ ಆದ್ರೆ ಗಟ್ಟಿ. ಅದರಲ್ಲಿ ಕಾರ್ಡ್‌ನ ಫಿಸಿಕಲ್ ಡಿವೈಸ್ ಅಂತ ಆರಿಸಿ (ಇ, ಎಫ್ ಅಂತ ಡ್ರೈವ್ ಅಕ್ಷರ ಅಲ್ಲ, ಡಿವೈಸ್), ಟೂಲ್ಸ್ ಮೆನುವಿನಲ್ಲಿ ಇಮೇಜ್, ಕ್ಲೋನ್ ಮಾಡೋ ಆಯ್ಕೆಗೆ ಹೋಗಿ, ಸೋರ್ಸ್ ಕಾರ್ಡ್, ಡೆಸ್ಟಿನೇಷನ್ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಫೈಲ್. ಸೋರ್ಸ್ ಮತ್ತೆ ಡೆಸ್ಟಿನೇಷನ್ ಅದಲು ಬದಲಾದ್ರೆ ಕಥೆ ಅಲ್ಲಿಗೇ ಮುಗೀತು, ಒಂದಕ್ಕೆರಡು ಸಲ ಓದಿ ಓಕೆ ಒತ್ತಿ. ಕೆಲವರು ವಿನ್32 ಡಿಸ್ಕ್ ಇಮೇಜರ್ ಬಳಸ್ತಾರೆ, ಕಾರ್ಡ್ ಆರೋಗ್ಯವಾಗಿದ್ರೆ ಪರವಾಗಿಲ್ಲ, ಆದ್ರೆ ಅದರಲ್ಲಿ ರೀಡ್ ಮತ್ತು ರೈಟ್ ಬಟನ್ ಅಕ್ಕಪಕ್ಕ ಇರೋದು ನೋಡಿದ್ರೆ ನಂಗೆ ಭಯ, ರೈಟ್ ಒತ್ತಿದ್ರೆ ಕಾರ್ಡ್ ಮೇಲೇ ಬರೆಯುತ್ತೆ.

ಬ್ಯಾಡ್ ಸೆಕ್ಟರ್ ಇರೋ ಕಾರ್ಡ್‌ಗೆ ನನ್ನ ಆಯ್ಕೆ ಡಿಡಿರೆಸ್ಕ್ಯೂ. ಇದು ಲಿನಕ್ಸ್‌ನದ್ದು, ಹೆದರ್ಬೇಡಿ, ಸಿಸ್ಟಮ್‌ರೆಸ್ಕ್ಯೂ ಅನ್ನೋ ಫ್ರೀ ಲಿನಕ್ಸ್‌ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿದ್ರೆ ಡಿಡಿರೆಸ್ಕ್ಯೂ, ಮುಂದೆ ಬೇಕಾಗೋ ಟೆಸ್ಟ್‌ಡಿಸ್ಕ್, ಫೋಟೋರೆಕ್ ಮೂರೂ ಒಳಗೇ ಇರುತ್ತೆ, ನಿಮ್ಮ ವಿಂಡೋಸ್‌ನ ಮುಟ್ಟಲ್ಲ. ಇದರ ಬುದ್ಧಿವಂತಿಕೆ ಏನಂದ್ರೆ ಮೊದಲು ಸಲೀಸಾಗಿ ಓದೋಕಾಗೋದನ್ನೆಲ್ಲ ಬೇಗ ಬೇಗ ತಗೊಂಡುಬಿಡುತ್ತೆ, ಕಷ್ಟದ ಜಾಗ ಬಂದ್ರೆ ಅಲ್ಲಿ ತಲೆ ಚಚ್ಚಿಕೊಳ್ದೇ ಹಾರಿ ಮುಂದೆ ಹೋಗುತ್ತೆ, ಎಲ್ಲೆಲ್ಲಿ ಹಾರಿದ್ದು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಕೊಳುತ್ತೆ. ಸಾಯೋ ಸ್ಥಿತಿಲಿರೋ ಕಾರ್ಡ್‌ಗೆ ಇದೇ ಸರಿಯಾದ ಕ್ರಮ, ಕೆಟ್ಟ ಜಾಗದಲ್ಲೇ ಗುದ್ದಾಡ್ತಾ ಇದ್ದು ಅಷ್ಟರಲ್ಲಿ ಕಾರ್ಡ್ ಪೂರ್ತಿ ಸತ್ರೆ ಚೆನ್ನಾಗಿದ್ದದ್ದೂ ಹೋಗುತ್ತೆ.

ಮೊದಲು ಡಿಸ್ಕ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟು ಸೈಜ್ ನೋಡಿ ನಿಮ್ಮ ಕಾರ್ಡ್ ಯಾವ ಡಿವೈಸ್ ಅಂತ ಗುರುತಿಸಿ. ಮೊದಲ ಸುತ್ತಿಗೆ ಡಿಡಿರೆಸ್ಕ್ಯೂ (ddrescue) ಜೊತೆ ಮೈನಸ್ ಎನ್ (-n) ಹಾಕಿ, ಆಮೇಲೆ ಕಾರ್ಡ್‌ನ ಡಿವೈಸ್ ಹೆಸರು, ಇಮೇಜ್ ಫೈಲ್ ಹೆಸರು, ಮ್ಯಾಪ್ ಫೈಲ್ ಹೆಸರು, ಇದೇ ಕ್ರಮದಲ್ಲಿ. ಅದು ಮುಗಿದ್ಮೇಲೆ ಎರಡನೇ ಸುತ್ತು, ಅವೇ ಮೂರು ಹೆಸರು ಇಟ್ಟು ಮೈನಸ್ ಎನ್ ಬದಲು ಮೈನಸ್ ಡಿ (-d) ಮತ್ತು ಮೈನಸ್ ಆರ್3 (-r3), ಅಂದ್ರೆ ಬಿಟ್ಟ ಜಾಗಗಳನ್ನ ಇನ್ನೂ ಮೂರು ಸಲ ಪ್ರಯತ್ನಿಸು ಅಂತ. ಮಧ್ಯೆ ಕರೆಂಟ್ ಹೋದ್ರೂ, ರೀಡರ್ ಬಿಸಿಯಾಗಿ ಕಾರ್ಡ್ ಮಾಯ ಆದ್ರೂ, ಅದೇ ಮ್ಯಾಪ್ ಫೈಲ್ ಕೊಟ್ರೆ ನಿಂತಲ್ಲಿಂದ ಮುಂದುವರಿಯುತ್ತೆ. ಕಾರ್ಡ್ ಬಿಸಿಯಾಗ್ತಿದ್ರೆ ತೆಗೆದು ತಣ್ಣಗಾಗೋಕೆ ಬಿಡಿ, ಮತ್ತೆ ಹಾಕಿದಾಗ ಡಿವೈಸ್ ಹೆಸರು ಬದಲಾಗಿರಬಹುದು, ಮತ್ತೊಮ್ಮೆ ಚೆಕ್ ಮಾಡಿ.

ಸಮಯದ ಲೆಕ್ಕ ಹೇಳ್ಬೇಕಂದ್ರೆ ಯುಎಸ್‌ಬಿ 2.0 ರೀಡರ್ ಸೆಕೆಂಡಿಗೆ 20 ಎಂಬಿ ಕೊಟ್ರೆ 64 ಜಿಬಿಗೆ ಹತ್ರ ಹತ್ರ ಒಂದು ಗಂಟೆ, ಕಾರ್ಡ್ ಮತ್ತೆ ರೀಡರ್ ಎರಡೂ 90 ಎಂಬಿ ಕೊಡೋವಾದ್ರೆ 12 ನಿಮಿಷ. ಕೆಟ್ಟ ಕಾರ್ಡ್‌ಗೆ ಇದ್ಯಾವ ಲೆಕ್ಕನೂ ಇಲ್ಲ, ರಾತ್ರಿಯೆಲ್ಲ ಓಡಲಿ. ಮುಗಿದ್ಮೇಲೆ ಕಾರ್ಡ್‌ನ ಒಂದು ಕವರ್‌ಗೆ ಹಾಕಿ, ತಾರೀಖು ಬರೆದು, ಬೀರುವಿನಲ್ಲಿಡಿ.

ಇಮೇಜ್‌ನಿಂದ ಫೋಟೋ ತೆಗೆಯೋದು

ಮೊದಲು ಹೆಸರು ಸಮೇತ ಬರುತ್ತಾ ನೋಡಿ. ಡಿಎಂಡಿಇನಲ್ಲೇ ಇಮೇಜ್ ಫೈಲ್ ತೆರೆದು ಪಾರ್ಟಿಷನ್ ಹುಡುಕಿಸಿ, ಫುಲ್ ಸ್ಕ್ಯಾನ್ ಕೊಡಿ. ದಾಖಲೆ ಅಷ್ಟಿಷ್ಟು ಉಳಿದಿದ್ರೆ ಡಿಸಿಐಎಂ ಒಳಗೆ ಕ್ಯಾನನ್ ಆದ್ರೆ "100ಕ್ಯಾನನ್", ಸೋನಿ ಆದ್ರೆ "100ಎಂಎಸ್‌ಡಿಸಿಎಫ್" ಅಂತ ಫೋಲ್ಡರ್ ಕಾಣುತ್ತೆ, ಒಳಗೆ ಫೋಟೋಗಳು ತಮ್ಮ ಹಳೇ ನಂಬರ್ ಜೊತೆಗೇ ಇರುತ್ತೆ, ಸೀರಿಯಲ್ ಆಗಿ ಬಂದ್ರೆ ಆಲ್ಬಂ ಮಾಡೋರ ಅರ್ಧ ಕೆಲಸ ಉಳೀತು. ಫ್ರೀ ಎಡಿಷನ್‌ನಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್‌ವರೆಗೆ ತೆಗೀಬಹುದು, ಮದುವೆಗೆ ಧಾರಾಳ.

ಫಾರ್ಮ್ಯಾಟ್ ಕೇಳೋ ಕಾರ್ಡ್‌ಗೆ ಇನ್ನೊಂದು ದಾರಿ ಟೆಸ್ಟ್‌ಡಿಸ್ಕ್. ಫ್ಯಾಟ್32ನಲ್ಲಿ ಬೂಟ್ ಸೆಕ್ಟರ್‌ನ (ಫೈಲ್ ಸಿಸ್ಟಮ್‌ನ ವಿವರ ಇರೋ ಮೊದಲ ಸೆಕ್ಟರ್) ಇನ್ನೊಂದು ಪ್ರತಿ ಸಾಮಾನ್ಯವಾಗಿ 6ನೇ ಸೆಕ್ಟರ್‌ನಲ್ಲಿ ಇರುತ್ತೆ, ಎಕ್ಸ್‌ಫ್ಯಾಟ್‌ನಲ್ಲಿ 12ರಿಂದ. ಮೂಲ ಮಾತ್ರ ಕೆಟ್ಟು ಪ್ರತಿ ಚೆನ್ನಾಗಿದ್ರೆ ಅಡ್ವಾನ್ಸ್ಡ್, ಬೂಟ್ ಅಂತ ಹೋಗಿ ಬ್ಯಾಕಪ್‌ನಿಂದ ಸರಿ ಮಾಡಿದ್ರೆ ಸಾಕು, ಇಡೀ ಕಾರ್ಡ್ ಇದ್ದಂಗೆ ತೆರ್ಕೊಳುತ್ತೆ. ಆದ್ರೆ ಇದು ಬರೆಯೋ ಕೆಲಸ, ಇಮೇಜ್‌ನ ಇನ್ನೊಂದು ಕಾಪಿ ಮೇಲೆ ಮಾಡಿ.

ಎರಡೂ ಆಗ್ಲಿಲ್ಲ ಅಂದ್ರೆ ಫೋಟೋರೆಕ್. ಕ್ರಿಸ್ತೋಫ್ ಗ್ರೆನಿಯೆ ಅನ್ನೋರು ಬರೆದಿದ್ದು, ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತೆ, ಪೂರ್ತಿ ಫ್ರೀ, "ಪ್ರಿವ್ಯೂ ನೋಡಿ, ಸೇವ್ ಮಾಡೋಕೆ ದುಡ್ಡು ಕಟ್ಟಿ" ಅನ್ನೋ ನಾಟಕ ಇಲ್ಲ. ಇದು ದಾಖಲೆನ ನಂಬಲ್ಲ, ಒಂದೊಂದೇ ಸೆಕ್ಟರ್ ಓದ್ತಾ ಫೋಟೋ ಶುರುವಾಗೋ ಗುರುತು ಹುಡುಕುತ್ತೆ, ಜೆಪೆಗ್ ಅಂದ್ರೆ ಎಫ್‌ಎಫ್ ಡಿ8 ಎಫ್‌ಎಫ್ ಅನ್ನೋ ಬೈಟ್‌ಗಳಿಂದ ಶುರು, ಎಫ್‌ಎಫ್ ಡಿ9ಗೆ ಕೊನೆ.

ಮೌಸ್‌ನಲ್ಲಿ ಮಾಡೋದಾದ್ರೆ ಕ್ಯೂಫೋಟೋರೆಕ್ ತೆರೀರಿ. ಮೇಲಿನ ಪಟ್ಟಿಯಲ್ಲಿ ರಾ ಡಿಸ್ಕ್ ಇಮೇಜ್ ಸೇರಿಸೋ ಆಯ್ಕೆಯಿಂದ ನಿಮ್ಮ ಇಮೇಜ್ ಫೈಲ್ ಕೊಡಿ. ಪಾರ್ಟಿಷನ್‌ನಲ್ಲಿ ಹೋಲ್ ಡಿಸ್ಕ್ ಆರಿಸಿ. ಫೈಲ್ ಸಿಸ್ಟಮ್ ಅಂತ ಎರಡು ಆಯ್ಕೆ ಇರುತ್ತೆ, ಎಕ್ಸ್ಟ್ ಅಂತ ಶುರುವಾಗೋದು ಲಿನಕ್ಸ್‌ದು, ನಮಗೆ ಫ್ಯಾಟ್ ಇರೋದು ಬೇಕು. ಫ್ರೀ ಮತ್ತು ಹೋಲ್ ಅಂತ ಕೇಳುತ್ತೆ, ಹೋಲ್ ಆರಿಸಿ. ಫೈಲ್ ಫಾರ್ಮ್ಯಾಟ್ಸ್‌ಗೆ ಹೋಗಿ ಎಲ್ಲಾ ಟಿಕ್ ತೆಗೆದು ಜೆಪೆಗ್ ಹಾಕಿ, ರಾ (ಕ್ಯಾಮೆರಾದ ಕಚ್ಚಾ ಫೋಟೋ ಫೈಲ್) ಶೂಟ್ ಮಾಡೋರು ಟಿಫ್ ಕೂಡ ಹಾಕಿ, ಯಾಕಂದ್ರೆ ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್2 ಎಲ್ಲಾ ಒಳಗಡೆ ಟಿಫ್ ಜಾತಿನೇ. ಹೊಸ ಕ್ಯಾನನ್‌ನ ಸಿಆರ್3 ಮತ್ತು ವಿಡಿಯೋ ಬೇಕಂದ್ರೆ ಎಂಓವಿ ಟಿಕ್ ಮಾಡಿ. ಇದು ಮರೆತು ಜೆಪೆಗ್ ಒಂದೇ ಹಾಕಿ, ರಾ ಫೈಲ್ ಒಳಗಿನ ಪ್ರಿವ್ಯೂ ಮಾತ್ರ ಬಂದಿದ್ದನ್ನ ನೋಡಿ "ಕ್ವಾಲಿಟಿ ಹೋಗಿದೆ" ಅಂತ ಅಳೋರು ಬೇಜಾನ್ ಇದ್ದಾರೆ. ಕೊನೆಗೆ ಸೇವ್ ಮಾಡೋ ಫೋಲ್ಡರ್, ಹಾರ್ಡ್ ಡಿಸ್ಕ್‌ನಲ್ಲಿ, ಸರ್ಚ್ ಒತ್ತಿ ಟೀ ಕುಡೀರಿ.

ಬರೋ ಫೈಲ್‌ಗಳಿಗೆ ಹಳೇ ಹೆಸರು ಇರಲ್ಲ, ಎಫ್ ಅಕ್ಷರದ ಮುಂದೆ ಉದ್ದದ ನಂಬರ್, ಹಲವಾರು ಫೋಲ್ಡರ್‌ಗಳಲ್ಲಿ ಹಂಚಿಹೋಗಿರುತ್ತೆ. ಹಿಂದಿನ ಸಲದ ನಾಮಕರಣ, ಅದರ ಹಿಂದಿನ ಗೃಹಪ್ರವೇಶ ಎಲ್ಲಾ ಬೆರೆತು ಬರುತ್ತೆ, ಗಾಬರಿಯಾಗ್ಬೇಡಿ. ಎಕ್ಸಿಫ್‌ಟೂಲ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಫೋಟೋ ಒಳಗೆ ಕ್ಯಾಮೆರಾ ಬರೆದಿರೋ ತಾರೀಖು ಸಮಯ ತಗೊಂಡು ಅದರ ಮೇಲೇ ಹೆಸರಿಡಬಹುದು, ಆಗ ಚಪ್ಪರ ಪೂಜೆಯಿಂದ ಬೀಗರ ಊಟದವರೆಗೂ ತಾನಾಗೇ ಸಾಲಾಗಿ ನಿಲ್ಲುತ್ತೆ. ಸೈಜ್ ಪ್ರಕಾರ ಸಾರ್ಟ್ ಮಾಡಿ ಕೆಲವೇ ಕೆಬಿ ಇರೋ ತಂಬ್‌ನೇಲ್‌ಗಳನ್ನ ಬೇರೆ ಫೋಲ್ಡರ್‌ಗೆ ಹಾಕಿ, ಡಿಲೀಟ್ ಬೇಡ. ಮೂಲ ಫೋಟೋ ಸಿಗದೇ ಹೋದ್ರೆ ಏನೇನು ಇತ್ತು ಅಂತ ಗೊತ್ತಾಗೋಕಾದ್ರೂ ಬೇಕು.

ಅರ್ಧ ಬೂದು ಬಣ್ಣದ ಫೋಟೋ, ತೆರೆಯದ ವಿಡಿಯೋ

ಮೇಲಿನ ಅರ್ಧ ಸರಿ, ಕೆಳಗೆ ಬರೀ ಬೂದು ಅಂದ್ರೆ ಆ ಫೋಟೋ ಕಾರ್ಡ್‌ನಲ್ಲಿ ಎರಡು ಕಡೆ ತುಂಡಾಗಿ ಕೂತಿತ್ತು ಅಥವಾ ಹಿಂದಿನ ಭಾಗ ಬ್ಯಾಡ್ ಸೆಕ್ಟರ್‌ಗೆ ಹೋಗಿದೆ ಅಥವಾ ಅದರ ಮೇಲೆ ಬೇರೆದು ಬಂದಿದೆ. ಹಾಳಾದ ಭಾಗನ ರಿಪೇರಿ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್‌ಗಳು ಇಲ್ಲದ ಡೇಟಾನ ಹುಟ್ಟಿಸಲ್ಲ. ರಾ ಫೈಲ್ ಕೆಟ್ಟಿದ್ರೆ ಮಾತ್ರ ಒಂದು ಆಸೆ ಇದೆ, ಒಳಗಿನ ಜೆಪೆಗ್ ಪ್ರಿವ್ಯೂ ಎಷ್ಟೋ ಸಲ ಉಳಿದಿರುತ್ತೆ, ಎಕ್ಸಿಫ್‌ಟೂಲ್‌ನಲ್ಲೇ ಅದನ್ನ ಹೊರಗೆ ತೆಗೀಬಹುದು, ಚಿಕ್ಕ ಪ್ರಿಂಟ್‌ಗೆ ಆಗುತ್ತೆ.

ವಿಡಿಯೋ ರೆಕಾರ್ಡ್ ಆಗ್ತಿದ್ದಾಗಲೇ ಬ್ಯಾಟರಿ ಹೋದ್ರೆ ಎಂಪಿ4 ತೆರೆಯಲ್ಲ, ಯಾಕಂದ್ರೆ ಅದರ ಸೂಚಿ ಅನೇಕ ಕ್ಯಾಮೆರಾಗಳಲ್ಲಿ ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯೋದು. ಇದಕ್ಕೆ ಅನ್‌ಟ್ರಂಕ್ ಅಂತ ಫ್ರೀ ಟೂಲ್ ಇದೆ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಒಳ್ಳೆ ವಿಡಿಯೋ ಮಾದರಿಯಾಗಿ ಕೊಡಬೇಕು. ಕಾರ್ಡ್‌ನಲ್ಲಿ ತುಂಡು ತುಂಡಾಗಿ ಹರಡಿದ್ದ ವಿಡಿಯೋಗೆ ಇದು ಕೆಲಸಕ್ಕೆ ಬರೋದು ಕಷ್ಟ.

ಲ್ಯಾಬ್‌ಗೆ ಕೊಡೋದಾದ್ರೆ

ಕಂಟ್ರೋಲರ್ ಸತ್ತ ಕಾರ್ಡ್‌ನಲ್ಲಿ ಮೆಮೊರಿ ಚಿಪ್ ಬದುಕಿದ್ರೆ ಲ್ಯಾಬ್‌ನವರು ಅದನ್ನ ನೇರವಾಗಿ ಓದ್ತಾರೆ. ಮೈಕ್ರೋ ಎಸ್‌ಡಿನಲ್ಲಿ ಎಲ್ಲಾ ಒಂದೇ ತುಂಡಿನಲ್ಲಿ ಇರೋದ್ರಿಂದ ಮೇಲಿನ ಲೇಪ ಕೆರೆದು ಒಳಗಿನ ಸಣ್ಣ ಬಿಂದುಗಳಿಗೆ ವೈರ್ ಬೆಸುಗೆ ಹಾಕ್ಬೇಕು, ಓದಿದ್ದು ಕೂಡ ಕಲಸುಮೇಲೋಗರವಾಗಿ ಬರುತ್ತೆ, ಅದನ್ನ ಕಂಟ್ರೋಲರ್ ಹೇಗೆ ಜೋಡಿಸ್ತಿತ್ತೋ ಹಾಗೆ ಜೋಡಿಸ್ಬೇಕು. ಹಾಗಾಗಿ ದುಬಾರಿ. ಕೊಡೋಕೆ ಮುಂಚೆ ಕೇಳಿ: ನೋಡೋಕೆ ಚಾರ್ಜ್ ಎಷ್ಟು, ಡೇಟಾ ಬರ್ದಿದ್ರೆ ದುಡ್ಡು ಕೊಡಬೇಕಾ, ಸಿಕ್ಕ ಫೈಲ್‌ಗಳ ಪಟ್ಟಿ ಮೊದಲೇ ತೋರಿಸ್ತೀರಾ, ಕೆಲಸ ಮುಗಿದ್ಮೇಲೆ ನಿಮ್ಮ ಹತ್ರ ಇರೋ ಕಾಪಿ ಯಾವಾಗ ಅಳಿಸ್ತೀರಾ. ಕೊನೇ ಪ್ರಶ್ನೆ ಯಾರೂ ಕೇಳಲ್ಲ. ಬೇರೆಯವರ ಮನೆ ಹೆಣ್ಮಕ್ಕಳ ಫೋಟೋ ಇರೋ ಕಾರ್ಡ್‌ನ ಮೂಲೆ ಮೊಬೈಲ್ ಅಂಗಡಿಲಿ "ನೋಡೋಣ ಸಾರ್, ಬಿಟ್ಟು ಹೋಗಿ" ಅಂದವರ ಕೈಗೆ ಕೊಡೋದು ನಂಗಂತೂ ಒಪ್ಪಿಗೆ ಇಲ್ಲ.

ಹಾಗೇ ದುಡ್ಡು ಖರ್ಚು ಮಾಡೋ ಮುಂಚೆ ಬೇರೆ ಕಡೆ ಕಾಪಿ ಇದೆಯಾ ಹುಡುಕಿ. ಎರಡು ಸ್ಲಾಟ್ ಇರೋ ಕ್ಯಾಮೆರಾ ಆದ್ರೆ ಎರಡನೇ ಕಾರ್ಡ್, ವೈಫೈನಲ್ಲಿ ಫೋನಿಗೆ ಕಳಿಸಿದ್ದು, ಅಸಿಸ್ಟೆಂಟ್ ಹುಡುಗ ಸ್ಟೇಟಸ್‌ಗೆ ಹಾಕೋಕೆ ತಗೊಂಡಿದ್ದು, ಗೂಗಲ್ ಫೋಟೋಸ್‌ಗೆ ಏರಿದ್ದು.

ಆಮೇಲೆ ಆ ಕಾರ್ಡ್ ಏನ್ ಮಾಡೋದು

ಫೋಟೋಗಳನ್ನ ಒಂದೊಂದಾಗಿ ತೆರೆದು ನೋಡಿ, ತಂಬ್‌ನೇಲ್ ಕಂಡ ಮಾತ್ರಕ್ಕೆ ಫೋಟೋ ಚೆನ್ನಾಗಿದೆ ಅಂತಲ್ಲ. ಎರಡು ಬೇರೆ ಬೇರೆ ಡಿಸ್ಕ್‌ಗೆ ಹಾಕಿದ್ಮೇಲೆ, ಗಿರಾಕಿ ಆಲ್ಬಂ ಓಕೆ ಅಂದ್ಮೇಲೆ ಮಾತ್ರ ಕಾರ್ಡ್ ಮುಟ್ಟಿ. ಬರೀ ಡಿಲೀಟ್ ಆಗಿದ್ದ ಕಾರ್ಡ್ ಆದ್ರೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಬಳಸಿ. ಅನುಮಾನ ಇದ್ರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಓಡಿಸಿ, ಪೂರ್ತಿ ಕಾರ್ಡ್ ತುಂಬೋಷ್ಟು ಬರೆದು ಮತ್ತೆ ಓದಿ ತಾಳೆ ನೋಡುತ್ತೆ, ನಕಲಿ ಕಾರ್ಡ್ ಬಣ್ಣನೂ ಬಯಲಾಗುತ್ತೆ. ಒಂದೇ ಒಂದು ಎರರ್ ಬಂದ್ರೂ ಆ ಕಾರ್ಡ್‌ಗೆ ಇನ್ನು ಶೂಟ್ ಇಲ್ಲ, ಬೇರೆ ಫೈಲ್ ಸಾಗಿಸೋಕೂ ಬೇಡ, ಕತ್ತರಿಯಲ್ಲಿ ಅಡ್ಡಕ್ಕೆ ಕತ್ತರಿಸಿ, ಎರಡು ತುಂಡನ್ನೂ ಇ-ವೇಸ್ಟ್‌ಗೆ ಹಾಕಿ.